ಹಿಡಿ, ಎಳೆ, ಬಿಡು

ಮದುವೆ ಫೋಟೋ ಇದ್ದ ಕಡೆ ಏನಾದರೊಂದು ಆಗುತ್ತಲೇ ಇರುತ್ತದೆ. ಕಂಪ್ಯೂಟರ್ ಪರದೆಯ ಮೇಲೆ ಅದನ್ನು ಮೌಸಿನಿಂದ ಹಿಡಿಯಬೇಕು, ಎಳೆಯಬೇಕು, ಬೇಕಾದ ಕಡೆ ಬಿಡಬೇಕು. ಇಷ್ಟನ್ನು ನಾನು ಬರೆದೆ. ಜಗಳ ತಾನಾಗಿ ಸೇರಿಕೊಂಡಿತು.

ಬಿ.ಎಸ್ಸಿ. ಮುಗಿಸಿ ಬರೆದ ಮೊದಲ ಪ್ರೋಗ್ರಾಂ ಅದು. ಬಲಗಡೆ ಫೋಟೋಗಳು, ಎಡಗಡೆ ಆಲ್ಬಮ್‌ನ ಪುಟಗಳು. ಎಳೆದು ತಂದು ಬಿಟ್ಟರೆ ಆಲ್ಬಮ್ ಸಿದ್ಧ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಸ್ಟುಡಿಯೋ ಇಟ್ಟಿರುವ ಮಾಲೀಕರು ಷರತ್ತು ಹಾಕಿದರು.

"ಮೂರೂ ಕಡೆ ನಡೆಸಿ ತೋರ್ಸು. ಒಬ್ಬ ಗಿರಾಕಿ ಸಿಟ್ಟು ಮಾಡ್ಕೊಂಡು ಎದ್ದು ಹೋದ್ರೂ ನಿನ್ನ ಪ್ರೋಗ್ರಾಮೂ ಬೇಡ, ನೀನೂ ಬೇಡ."

ಸಾಗರ: ಮಸುಕು

ಎಳೆಯುವಾಗ ಫೋಟೋ ಸ್ವಲ್ಪ ಮಸುಕಾಗುವಂತೆ ಮಾಡಿದ್ದೆ. ಕೆಳಗಿನ ಜಾಗ ಕಾಣಬೇಕಲ್ಲ. ಮದುಮಗಳ ತಾಯಿ ಪಕ್ಕದಲ್ಲೇ ಕೂತಿದ್ದರು. ಅವರ ಮಗಳ ಫೋಟೋ ಹಿಡಿದು ಎಳೆದೆ. ಅವರು ನನ್ನ ಕೈ ಹಿಡಿದರು.

"ನಿಲ್ಸು! ಹುಡುಗಿ ಎಂತಕ್ಕೆ ಮಾಯ ಆಗ್ತಿದಾಳೆ?"

"ಮಾಯ ಆಗಲ್ಲಮ್ಮ. ದಾರೀಲಿ ಮಾತ್ರ ಹೀಗೆ. ತಲುಪಿದ ಮೇಲೆ ಸರಿ ಆಗ್ತಾಳೆ."

"ಆಷಾಢಕ್ಕೆ ಬಂದವಳನ್ನ ನಾಳೆ ಗಂಡನ ಮನೆಗೆ ಕಳಿಸ್ಬೇಕು. ದಾರೀಲಿ ಹೀಗಾದ್ರೆ ಯಾರು ಜವಾಬ್ದಾರಿ?"

ಅವರು ಏಳುವ ಮೊದಲೇ ಮಸುಕು ತೆಗೆದೆ. ಹುಡುಗಿ ಗಟ್ಟಿಯಾದಳು, ಕೆಳಗಿನ ಜಾಗ ಕಾಣದಾಯಿತು. ಅಂದಾಜಿನ ಮೇಲೆ ಬಿಟ್ಟೆ. ಹೋಗಿ ಅಡಿಗೆ ಭಟ್ಟರ ಪಕ್ಕ ಕೂತಳು. ಸರಿಸಲು ಹೋದರೆ ತಾಯಿ ಬಿಡಲಿಲ್ಲ.

"ಅಲ್ಲೇ ಇರ್ಲಿ. ಊಟಕ್ಕಾದ್ರೂ ತೊಂದರೆ ಇಲ್ಲ."

ಹೊಸನಗರ: ಹಿಡಿದವರು

ಹೊಸನಗರದ ಸ್ಟುಡಿಯೋದ ಕಂಪ್ಯೂಟರ್ ಹಳೆಯದು. ನನ್ನ ಪ್ರೋಗ್ರಾಮೋ, ಮೌಸ್ ಕೂದಲೆಳೆಯಷ್ಟು ಸರಿದರೂ ಇಡೀ ಫೋಟೋವನ್ನು ಮತ್ತೆ ಹೊಸದಾಗಿ ಪರದೆಗೆ ತರುತ್ತಿತ್ತು. ಮೌಸ್ ಮೊದಲು ತಲುಪುತ್ತಿತ್ತು, ಫೋಟೋ ನಿಧಾನವಾಗಿ ಹಿಂದೆ ಬರುತ್ತಿತ್ತು. ಅಲ್ಲಿ ಕೆಲಸ ಮಾಡುವ ಅಕ್ಕನಿಗೆ ಫೋನಿನಲ್ಲಿ ಹೇಳಿದೆ: "ಫೋಟೋ ಬಂದು ತಲುಪೋವರೆಗೆ ಬಟನ್ ಬಿಡ್ಬೇಡಿ ಅಕ್ಕಾ."

ಮಾರನೇ ದಿನ ಹೋದರೆ ಅಕ್ಕ ಇಲ್ಲ. ಅವರ ಕುರ್ಚಿಯಲ್ಲಿ ಇಸ್ತ್ರಿ ಅಂಗಿಯ ಯುವಕನೊಬ್ಬ ಮೌಸ್ ಒತ್ತಿ ಹಿಡಿದು ಬೆವರುತ್ತಿದ್ದ.

"ಅಕ್ಕ ಎಲ್ಲಿ?"

"ಬಸ್ಸಿಗೆ ಪಾರ್ಸೆಲ್ ಹಾಕೋಕೆ ಹೋದ್ರು. ಬರೋವರೆಗೆ ಹಿಡ್ಕೊಂಡಿರಿ ಅಂದ್ರು."

"ನೀವು?"

"ಮದುಮಗ."

ಪರದೆಯ ನಡುವೆ ಹೆಂಗಸೊಬ್ಬರ ದೊಡ್ಡ ಫೋಟೋ ನಿಂತಿತ್ತು.

"ಬಿಟ್ಬಿಡಿ, ಪರವಾಗಿಲ್ಲ."

"ಬೇಡ ಸಾರ್. ಇವರು ನಮ್ಮತ್ತೆ. ಹೆಂಡತಿ ಬಾಗಿಲಲ್ಲೇ ನಿಂತು ನೋಡ್ತಿದಾಳೆ."

ಅಲ್ಲೇ ಕೂತು ಬದಲಾಯಿಸಿದೆ. ಎಳೆಯುವಾಗ ಇಡೀ ಫೋಟೋ ಬೇಡ, ಅದರದ್ದೇ ಒಂದು ಪುಟ್ಟ ಪ್ರತಿ ಸಾಕು. ಮತ್ತೆ ಎಳೆದು ತೋರಿಸಿದೆ. ಅತ್ತೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ತಲುಪಿದರು.

ಅಳಿಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಇಷ್ಟು ಬೇಗ ಬರೋ ಹಾಗೆ ಮಾಡ್ಬಾರ್ದಿತ್ತು ಸಾರ್."

ತೀರ್ಥಹಳ್ಳಿ: ಪಂಕ್ತಿ

ಕೊನೆಯ ಪರೀಕ್ಷೆಗೆ ಮಾಲೀಕರೇ ಬಂದು ಕೂತರು. ಆಲ್ಬಮ್ ಒಪ್ಪಬೇಕಾದವರು ಹುಡುಗಿಯ ಸೋದರಮಾವ. ಹುಡುಗಿ ಕಡೆಯವರನ್ನು ಮೊದಲ ಪುಟಗಳಲ್ಲಿ ಇಟ್ಟಿದ್ದೆ. ಮಂಟಪದ ಫೋಟೋಗಳು, ಅಂದರೆ ಮದುಮಗ ಇರುವವು, ಕೊನೆಗೆ.

ಪ್ರೋಗ್ರಾಮಿನಲ್ಲಿ ನನಗೆ ಹೆಮ್ಮೆ ಇದ್ದದ್ದು ಒಂದು ವಿಷಯಕ್ಕೆ. ನಡುವೆ ಹೊಸ ಫೋಟೋ ತಂದರೆ ಅಲ್ಲಿಂದ ಮುಂದಿನವೆಲ್ಲ ತಾವಾಗಿ ಒಂದೊಂದು ಜಾಗ ಸರಿಯುತ್ತವೆ. ತೋರಿಸೋಣವೆಂದು ಗಂಡಿನ ಭಾವನ ಫೋಟೋವನ್ನು ಮೊದಲ ಪುಟಕ್ಕೆ ತಂದೆ. ಸೋದರಮಾವನ ಫೋಟೋ ನಯವಾಗಿ ಎದ್ದು ಎರಡನೇ ಪುಟಕ್ಕೆ ಹೋಯಿತು.

ಸೋದರಮಾವನೂ ಎದ್ದರು.

"ಪಂಕ್ತೀಲಿ ಕೂತವನನ್ನ ಎಬ್ಸೋದಾ? ಅದೂ ಗಂಡಿನ ಕಡೆಯವ ಬಂದ ಅಂತ? ಎಲ್ಲಿ ನನ್ನ ಚಪ್ಪಲಿ?"

ಮಾಲೀಕರು ನನ್ನನ್ನೇ ನೋಡಿದರು. ಆಗಲೇ ಸೋದರಮಾವನ ಒಂದು ಕಾಲು ಚಪ್ಪಲಿಯೊಳಗೆ ಹೋಗಿತ್ತು. ನಾನು ಮೌಸನ್ನು ಅವರ ಮುಂದೆ ಹಿಡಿದೆ.

"ನೀವೇ ಕೂರ್ಸಿ ಮಾರಾಯ್ರೆ, ಯಾರೆಲ್ಲಿ ಅಂತ."

ಅವರು ಚಪ್ಪಲಿ ಬಿಟ್ಟು ಕೂತರು. ಎಳೆದು ಬಿಡುವ ಕೆಲಸ ಅವರಿಗೆ ಬೇಗ ಒಗ್ಗಿತು. ಮೊದಲ ಪುಟದಲ್ಲಿ ತಮ್ಮನ್ನು ಕೂರಿಸಿದರು. ಆಮೇಲೆ ಚಪ್ಪರದ ಕಂಬ ಹಿಡಿದ ತಾವು. ಪಾಯಸ ಬಡಿಸುವ ತಾವು. ಬೀಗರಿಗೆ ಬಸ್ಸು ತೋರಿಸುವ ತಾವು. ಅವರಿರುವ ಫೋಟೋಗಳಿಗೆ ಬರವಿರಲಿಲ್ಲ. ಪ್ರತಿ ಸಲವೂ ಉಳಿದವರೆಲ್ಲ ಮರ್ಯಾದೆಯಿಂದ ಒಂದು ಜಾಗ ಸರಿದುಕೊಟ್ಟರು.

"ಭೇಷ್! ಈಗ ಪಂಕ್ತಿ ಸರಿ ಆಯ್ತು. ಪ್ರಿಂಟ್ ಹಾಕಿ."

ಮಾಲೀಕರು ನನ್ನ ಬೆನ್ನು ತಟ್ಟಿದರು.

ಆಲ್ಬಮ್ ಮನೆಗೆ ಹೋದ ಮೇಲೆ ಮದುಮಗನೇ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಹಿಂದೆ ಸೋದರಮಾವ.

"ಪ್ರಿಂಟು ಚೆನ್ನಾಗಿದೆ ಸಾರ್," ಅಂದ ಮದುಮಗ. "ಮದುವೆ ಯಾರದ್ದು?"

ಪುಟ ತಿರುವಿದೆ. ಸೋದರಮಾವ, ಹುಡುಗಿ, ಸೋದರಮಾವ, ಸೋದರಮಾವ. ಸರಿಯುತ್ತಾ ಹೋದವರು ಕೊನೆಯ ಪುಟ ದಾಟಿದರೆ ಏನಾಗಬೇಕೆಂದು ನಾನು ಬರೆದೇ ಇರಲಿಲ್ಲ. ಮಂಟಪ, ತಾಳಿ, ಮದುಮಗ ಎಲ್ಲ ಆಲ್ಬಮ್‌ನಿಂದ ಆಚೆ ಬಿದ್ದಿದ್ದರು.

ಸೋದರಮಾವ ಆಲ್ಬಮನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. "ಅಳಿಯಂದ್ರಿಗೆ ಬೇರೆ ಒಂದು ಮಾಡಿಕೊಡಿ, ಖರ್ಚು ನಂದು. ಇದು ಇದ್ದ ಹಾಗೇ ನನಗಿರ್ಲಿ."

ಅವರು ಹೋದ ಮೇಲೆ ಮಾಲೀಕರು ನನ್ನನ್ನು ಒಳಗೆ ಕರೆದರು. ನಾನೇ ಮೊದಲು ಬಾಯಿಬಿಟ್ಟೆ. "ಸಂಜೆಯೊಳಗೆ ಸರಿ ಮಾಡ್ತೀನಿ ಸಾರ್."

"ಒಂದು ಮದುವೆಗೆ ಎರಡು ಆಲ್ಬಮ್ ಆಯ್ತಲ್ಲೋ ಮಾರಾಯ! ಪ್ರೋಗ್ರಾಮೂ ಇರ್ಲಿ, ನೀನೂ ಇರು," ಅಂದರು. "ಅದೊಂದನ್ನ ಮಾತ್ರ ಸರಿ ಮಾಡ್ಬೇಡ."