ಹೂಮೀನಿನ ಅರೆಹೊಟ್ಟೆ

ಮನೆಯಲ್ಲಿ ಎಲ್ಲವೂ ನಡೆಯುತ್ತಿದ್ದರೂ 'ಇದು ನಾನು ಮಾಡಿದ್ದು' ಎಂದು ತೋರಿಸಲು ಏನೂ ಇಲ್ಲದ ಗಂಡಸಿನ ಸಂಕಟ ರೇಷ್ಮೆ ಹುಳು ಸಾಕುವ ಮನೆಯವರಿಗೆ ಗೊತ್ತು. ನಮ್ಮ ಕೈಲಾಂಚದ ಕಡೆ ಹುಳುಮನೆಯೆಂದರೆ ಹೆಂಗಸರ ರಾಜ್ಯ. ಹಿಪ್ಪುನೇರಳೆ ಸೊಪ್ಪು ಕೊಯ್ದು ಬಾಗಿಲಲ್ಲಿ ಇಳಿಸುವವರೆಗೆ ನಾನು ಯಜಮಾನ. ಒಳಗೆ ಕಾಲಿಟ್ಟರೆ ನನ್ನ ಹೆಂಡತಿ ಗಿರಿಜೆ ಬೀಡಿ ವಾಸನೆ ಹುಳುವಿಗೆ ಆಗದು ಎಂದು ಆಚೆ ಕಳಿಸುತ್ತಾಳೆ. ಬೀಡಿ ಬಿಟ್ಟು ವರ್ಷಗಳಾದವು ಎಂದರೂ ಕೇಳುವುದಿಲ್ಲ. ಹಾಗಾಗಿ ನನಗೂ ಒಂದು ಸ್ವಂತ ಕಸುಬು ಬೇಕಾಗಿತ್ತು.

ಬಿಡದಿ ಕಡೆ ಕಾರ್ಖಾನೆಗಳು ಏಳತೊಡಗಿದ ಕಾಲ ಅದು. ಭಾನುವಾರ ನಮ್ಮ ಕೆರೆಗೆ ಗಾಳ ಹಿಡಿದು ಬರುವವರು ಹೆಚ್ಚಾದರು. ಅವರಲ್ಲಿ ಕುಂದಾಪುರ ಕಡೆಯ ಮೇನೇಜರೊಬ್ಬರು ನನಗೆ ಪರಿಚಯವಾದರು. ಅವರ ಊರಿನಲ್ಲಿ ಹೂಮೀನು ಎಂಬ ಕರಾವಳಿಯ ಮೀನಿನ ಮರಿಗಳನ್ನು ಹೊಂಡದಲ್ಲಿ ಸಾಕಿ, ಬೆರಳುದ್ದ ಇರುವಾಗಲೇ ಗಾಳಕ್ಕೆ ಸಿಕ್ಕಿಸಿ ದೊಡ್ಡ ಮೀನು ಹಿಡಿಯುತ್ತಾರಂತೆ. ಸಿಹಿನೀರಿಗೂ ಒಗ್ಗುತ್ತದಂತೆ. ಊರಿಗೆ ಹೋದಾಗ ಪ್ಲಾಸ್ಟಿಕ್ ಚೀಲದಲ್ಲಿ ಮರಿಗಳನ್ನು ತಂದು ನಮ್ಮ ತೋಟದ ಹೊಂಡಕ್ಕೆ ಬಿಟ್ಟೇಬಿಟ್ಟರು. ಗುಟ್ಟು ಒಂದೇ: ಅರೆಹೊಟ್ಟೆಯಲ್ಲಿ ಇಡಬೇಕು, ಮೀನು ಬೆಳೆಯಬಾರದು. ಮಳೆಗಾಲ ಕಳೆದ ಮೇಲೆ ಗೆಳೆಯರೊಂದಿಗೆ ಬಂದು ಎಲ್ಲವನ್ನೂ ಕೊಳ್ಳುತ್ತೇನೆ ಎಂದರು.

ನಾವು ಲಿಂಗ ಕಟ್ಟಿದವರು, ಮೀನು ಮುಟ್ಟುವವರಲ್ಲ. ಮಾರಬಹುದೇ ಎಂದು ಒಂದು ಸಂಜೆ ಕೂತು ಯೋಚಿಸಿದೆ. ಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕಿ ಬಂದ ಮೇಲೆ ಒಳಗಿನ ಹುಳುವಿನ ಗತಿಯೇನೆಂದು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಮೀನಿನ ವಿಷಯಕ್ಕೂ ಅದೇ ನ್ಯಾಯ ಎಂದುಕೊಂಡು ಮನಸ್ಸನ್ನು ಸಮಾಧಾನ ಮಾಡಿದೆ. ಮನಸ್ಸು ಪೂರ್ತಿ ಒಪ್ಪಲಿಲ್ಲ, ಆದರೆ ಜಗಳಕ್ಕೂ ಬರಲಿಲ್ಲ.

ಮೀನು ಸಾಕುತ್ತಿದ್ದೇನೆಂದು ಊರಲ್ಲೆಲ್ಲ ಹೇಳಿಕೊಂಡು ತಿರುಗಿದೆ. ದಿನಕ್ಕೊಂದು ಚಿಟಿಕೆ ತವುಡು ಉದುರಿಸಿ, ಕೈಕಟ್ಟಿ ದಂಡೆಯ ಮೇಲೆ ನಿಲ್ಲುತ್ತಿದ್ದೆ. ಅಷ್ಟಕ್ಕೇ ಮೀನುಗಳು ದಷ್ಟಪುಷ್ಟವಾಗತೊಡಗಿದವು. ನಮ್ಮ ನೀರಿನ ಗುಣವೇ ಹೀಗೆ ಎಂದು ಮೊದಮೊದಲು ಹೆಮ್ಮೆಪಟ್ಟೆ. ಒಂದು ಮಧ್ಯಾಹ್ನ ಹೊಂಡದ ಹತ್ತಿರ ಹೋದರೆ ಗಿರಿಜೆ ಮೊರದ ತುಂಬ ತವುಡಿಗೆ ಹಿಂಡಿ ಕಲಸಿಕೊಂಡು, ಹುಳುವಿಗೆ ಸೊಪ್ಪು ಹರಡುವ ಹಾಗೆಯೇ, ಮೂಲೆಮೂಲೆಗೂ ಸಮನಾಗಿ ಹಾಕುತ್ತಿದ್ದಳು. ಹುಳುವಿನ ಜೊತೆಗೇ ಇವಕ್ಕೂ ಹೊತ್ತುಹೊತ್ತಿಗೆ ಊಟ ನಡೆದಿತ್ತು. ನಾನು ವ್ಯಾಪಾರದ ಗುಟ್ಟನ್ನು ವಿವರಿಸಿದೆ. ಅವಳು ಮೊರ ಕೊಡವುತ್ತಾ ಕೇಳಿಸಿಕೊಂಡಳು.

"ನಮ್ಮನೇಲಿ ಹುಳುನೇ ಒಂದೊತ್ತು ಉಪಾಸ ಇದ್ದಿಲ್ಲ," ಎಂದಳು. "ಅವು ಬಾಯ್ ಬುಟ್ಕೊಂಡು ನೋಡ್ತಾ ಇದ್ರೆ ನಾನೆಂಗೆ ಉಣ್ಲಿ?"

ಮೀನು ಯಾವಾಗಲೂ ಬಾಯಿ ಬಿಡುತ್ತಲೇ ಇರುತ್ತದೆ, ಅದು ಉಸಿರಾಡುವ ರೀತಿ ಎಂದೆ. ಅವಳು ಆಗಲೇ ಹುಳುಮನೆಗೆ ಹೊರಟಿದ್ದಳು.

ಮಳೆಗಾಲ ಕಳೆದು ಮೇನೇಜರು ಗೆಳೆಯರೊಂದಿಗೆ ಬಂದರು. ಬಲೆ ಹಾಕಿ ಎತ್ತಿದರೆ ಒಂದೊಂದೂ ಮೊಳದ ಹತ್ತಿರ. ಮೇನೇಜರು ಒಂದನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿದರು.

"ಇದು ಗಾಳಕ್ಕೆ ಸಿಕ್ಕಿಸುವ ಮೀನಲ್ಲ ಮಾರಾಯ್ರೆ," ಎಂದರು. "ಗಾಳ ಹಾಕಿ ಹಿಡಿಯುವ ಮೀನು."

ಸಾರಿಗಾದರೂ ಕೊಡಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಗಿರಿಜೆ ಅವರಿಗೆಲ್ಲ ಕಾಫಿ ತಂದುಕೊಟ್ಟು, ಉಣ್ಣಿಸಿದ ಕೈಯಲ್ಲಿ ಕೊಡಲಾಗದು ಎಂದುಬಿಟ್ಟಳು. ಅವರು ನಗುತ್ತಲೇ ಹೋದರು. ನನಗೆ ಮಾತ್ರ ನಿಜಕ್ಕೂ ದುಃಖವಾಯಿತು. ನನ್ನದೆಂದು ಹೇಳಿಕೊಳ್ಳಲು ಇದ್ದ ಒಂದೇ ಕಸುಬೂ ಅವಳ ಸೆರಗಿಗೆ ಸೇರಿಹೋಗಿತ್ತು.

ಅದಕ್ಕಿಂತ ನೋವಾದದ್ದು ಇನ್ನೊಂದು. ಅವಳು ದಂಡೆಗೆ ಬಂದರೆ ಸಾಕು, ಹೊಂಡವೆಲ್ಲ ಬೆಳ್ಳಿಯಾಗಿ ಅವಳ ಕಡೆ ನುಗ್ಗುತ್ತದೆ. ನಾನು ಹೋದರೆ ಎಲ್ಲ ತಳಕ್ಕಿಳಿಯುತ್ತವೆ. ಚಿಟಿಕೆ ತವುಡು ಹಾಕಿದ ಕೈಯನ್ನು ಮೀನೂ ಗುರುತಿಡುತ್ತದೆ ಎಂದು ಯಾರಿಗೆ ಗೊತ್ತಿತ್ತು? ಕೊನೆಗೊಂದು ದಿನ ಅವಳು ಹುಳುಮನೆಯಲ್ಲಿದ್ದಾಗ ಬೊಗಸೆ ತುಂಬ ತವುಡಿಗೆ ಹಿಂಡಿ ಕಲಸಿಕೊಂಡು, ಕಳ್ಳನಂತೆ ಹೋಗಿ ಸುರಿದು, ಕಾದು ಕೂತೆ. ಒಂದೂ ಮೇಲೆ ಬರಲಿಲ್ಲ.

ಹಿಂದಿನಿಂದ ಗಿರಿಜೆಯ ದನಿ ಕೇಳಿತು. "ಈಗಿನ್ನೂ ಹಾಕಿ ಬಂದಿವ್ನಿ ಕಣ್ರೀ. ಹೊಟ್ಟೆ ತುಂಬೈತೆ ಅವಕ್ಕೆ."