ಮಾವನ ಸಮಾಧಾನಕರ ಬಹುಮಾನಗಳು

ನಮ್ಮ ಸೋದರಮಾವ ಜೀವಮಾನದಲ್ಲಿ ಒಂದೂ ತಪ್ಪು ಉತ್ತರ ಕೊಟ್ಟವರಲ್ಲ. ಒಂದೂ ಕ್ವಿಜ್ ಗೆದ್ದವರೂ ಅಲ್ಲ! ಅದು ಹೇಗೆ ಸಾಧ್ಯ ಎನ್ನುತ್ತೀರಾ? ಅವರ ಪಕ್ಕದ ಕುರ್ಚಿಯಲ್ಲಿ ಕೂತು ನೋಡಬೇಕು. ಕೂತವಳು ನಾನು. ತಂಡಕ್ಕೆ ಇಬ್ಬರಿರಬೇಕು ಎಂಬ ನಿಯಮ ಇದೆಯಲ್ಲ, ಅದಕ್ಕಾಗಿ ನನ್ನನ್ನು ಎಳೆದೊಯ್ಯುತ್ತಾರೆ. ನನ್ನ ಕೆಲಸ ನೀರಿನ ಬಾಟಲಿ ಹಿಡಿದುಕೊಂಡು ಬಾಯಿ ಮುಚ್ಚಿಕೊಂಡಿರುವುದು.

ಮಾವ ಶಿರಾದ ಕಾಲೇಜಿನಲ್ಲಿ ಹಳಗನ್ನಡ ಪಾಠ ಮಾಡಿ ನಿವೃತ್ತರಾದವರು. ಪಾಠ ಕಾಲೇಜಿನಲ್ಲೇ ಮುಗಿದಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು! ಅತ್ತೆ ಉಪ್ಪಿಟ್ಟು ತಂದಿಟ್ಟರೆ ಅದರ ಹುಟ್ಟು ಹುಡುಕಿಕೊಂಡು ಸಾವಿರ ವರ್ಷ ಹಿಂದಕ್ಕೆ ಹೋಗುತ್ತಾರೆ. ವಾಪಸು ಬರುವಷ್ಟರಲ್ಲಿ ಉಪ್ಪಿಟ್ಟು ಆರಿ ಕಲ್ಲಾಗಿರುತ್ತದೆ.

"ತಣ್ಣಗಿರೋದೇ ತಿನ್ನಿ. ನಿಮ್ಮ ಹಳೇ ಕವಿಗಳೂ ಹಿಂಗೇ ತಿಂದಿರ್ತಾರೆ," ಎನ್ನುತ್ತಾರೆ ಅತ್ತೆ.

ಶಿರಾದಲ್ಲಿ ಒಮ್ಮೆ ಅಂಗಡಿಯವರೆಲ್ಲ ಸೇರಿ ಕ್ವಿಜ್ ಇಟ್ಟಿದ್ದರು. ಪ್ರಶ್ನೆ ಕೇಳುವವರು ಮಾವನ ಗೆಳೆಯರೇ, ಚಪ್ಪಲಿ ಅಂಗಡಿಯ ಸಾಹೇಬರು. ಮಾವ ಬಜರ್ ಒತ್ತಿ, "ಈ ವಿಷಯದಲ್ಲಿ ಎರಡು ಮತಗಳಿವೆ," ಎಂದು ಗಂಟಲು ಸರಿಮಾಡಿಕೊಂಡರು. ಸಾಹೇಬರು ಕೈಮುಗಿದರು.

"ಮೇಷ್ಟ್ರೇ, ಜವಾಬ್ ಒಂದೇ ಹೇಳಿ. ನನ್ನ ಚೀಟೀಲಿ ಇರೋದೇ ಒಂದು!"

ಮಾವ ಮೂರನೆಯ ಮತವೂ ಇದೆ ಎಂದರು. ನಮಗೆ ಸಮಾಧಾನಕರ ಬಹುಮಾನ, ಒಂದು ಗೋಡೆ ಗಡಿಯಾರ.

ಪಾವಗಡದ ಕಡೆ ರಾಯಚರ್ಲುವಿಗೂ ಹೋದೆವು. ಅಲ್ಲಿ ಕಣ್ಣು ಹಾಯುವಷ್ಟು ದೂರ ಸೋಲಾರ್ ಹಲಗೆಗಳು. ಅದನ್ನು ನೋಡಿಯೇ ಯಾರಿಗೋ ಹೊಳೆದಿರಬೇಕು, "ಸೂರ್ಯನಿಗೆ ಇನ್ನೊಂದು ಹೆಸರೇನು?" ಎಂದು ಕೇಳಿಬಿಟ್ಟರು. ಮಾವನನ್ನು ಕೇಳುವ ಪ್ರಶ್ನೆಯೇ ಇದು? ನೇಸರು, ಇನ, ರವಿ, ಭಾನು, ತರಣಿ, ದಿನಕರ... ಸಂಘಟಕರು ಎದ್ದು ಓಡಿಬಂದರು.

"ಒಕ್ಕಟಿ ಚಾಲು ಸಾರ್! ಒಂದು ಸಾಕು ಬುಡಿ!"

ಗಂಟೆ ಬಾರಿಸಿದರು, ಸಮಯ ಮೀರಿತೆಂದು ಅಂಕ ಹೋಯಿತು. ಉಳಿದ ಹೆಸರುಗಳನ್ನು ಮಾವ ವಾಪಸು ಬರುವಾಗ ಬಸ್ಸಿನ ಕಂಡಕ್ಟರಿಗೆ ಒಪ್ಪಿಸಿದರು. ಅಲ್ಲೂ ಗಡಿಯಾರವೇ ಬಂತು! ಈಗ ಮನೆಯ ಗಡಿಯಾರಗಳು ಗೋಡೆಗೊಂದು ಹೊತ್ತು ತೋರಿಸುತ್ತವೆ. ಅವಕ್ಕೂ ಮತಭೇದ.

ಇಷ್ಟನ್ನೂ ಅತ್ತೆ ಸಹಿಸಿಕೊಂಡಿದ್ದರು. ಸಹಿಸಲಾಗದ್ದು ನಡೆದದ್ದು ಗೊರವನಹಳ್ಳಿ ಲಕ್ಷ್ಮಿಯ ದರ್ಶನಕ್ಕೆ ಹೊರಟ ದಿನ. ಬಸ್ಸು ಕೊರಟಗೆರೆಯಲ್ಲಿ ನಿಂತಾಗ ಕಿಟಕಿಯಾಚೆ ಕ್ವಿಜ್ಜಿನ ಬ್ಯಾನರ್ ಕಂಡಿತು. "ಈಗ ಬಂದೆ," ಎಂದು ಮಾವ ನನ್ನನ್ನೂ ಎಳೆದುಕೊಂಡು ಇಳಿದರು. ಬಸ್ಸು ಹೋಯಿತು. ದೇವಸ್ಥಾನದ ಸಾಲಿನಲ್ಲಿ ಅತ್ತೆ ಬರಿಗೈಯಲ್ಲಿ ನಿಂತಿದ್ದರೆ, ಹಣ್ಣುಕಾಯಿ ಬುಟ್ಟಿ ಕೊರಟಗೆರೆಯ ವೇದಿಕೆಯ ಮೇಲೆ ಮಾವನ ಬಜರ್ ಪಕ್ಕದಲ್ಲಿತ್ತು!

ಆ ಸಂಜೆ ಅತ್ತೆ ತೀರ್ಪು ಕೊಟ್ಟರು. "ಮುಂದಿನ ವಾರ ಮಧುಗಿರೀಲಿ ಐತಲ್ಲ, ಅದೇ ಕಡೇದು. ಗೆದ್ರೆ ಸರಿ. ಸೋತ್ರೆ ಇನ್ನು ಯಾವ ಕ್ವಿಜ್ಜೂ ಇಲ್ಲ, ಮನೇಲಿ ಕೂತು ಅವರೆಕಾಯಿ ಬುಡುಸ್ಕೊಂಡಿರಿ. ನಾನೇ ಬಂದು ಕಣ್ಣಾರೆ ನೋಡ್ತೀನಿ!"

ಮಾವ "ಆಗಲಿ" ಎಂದರು. ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಪಾಪ, ಅವರಿಗೆ ಆ ಬಜರ್ ಬಿಟ್ಟರೆ ಬೇರೆ ಯಾರಿದ್ದಾರೆ? ಕಾಲೇಜು ಮುಗಿದ ಮೇಲೆ ಅವರನ್ನು ಪ್ರಶ್ನೆ ಕೇಳುವವರೇ ಇರಲಿಲ್ಲ.

ಮಧುಗಿರಿಯಲ್ಲಿ ಅತ್ತೆ ಮೊದಲ ಸಾಲಿನಲ್ಲೇ ಸೆರಗು ಹೊದ್ದು ಕೂತರು. ಮುಖ್ಯ ಅತಿಥಿಗಳಿಗೆ ಶಾಲು ಹೊದಿಸಿದ್ದಾಯಿತು, ಅವರು ಜ್ಞಾನವೇ ಬೆಳಕು ಎಂದು ಹೇಳಿ ನಿದ್ದೆ ಹೋದದ್ದೂ ಆಯಿತು. ಮಾವ ಅಂದು ಯಾವ ಪ್ರಶ್ನೆಗೂ ಎರಡು ಮತ ಎನ್ನಲಿಲ್ಲ! ಕೊನೆಗೆ ನಾವೂ ಪಾವಗಡದ ಇಬ್ಬರು ಕಾಲೇಜು ಹುಡುಗಿಯರೂ ಸಮಸಮ. ಕೋಟು ಹಾಕಿದ ಯುವಕ ನಿರ್ಣಾಯಕ ಪ್ರಶ್ನೆಯ ಕಾರ್ಡು ತೆಗೆದ.

"ಕಂದ ಪದ್ಯದ ಮೊದಲ ಸಾಲಿನಲ್ಲಿ ಎಷ್ಟು ಮಾತ್ರೆ?"

ಮಾವ ತರಗತಿಯಲ್ಲಿ ಬೆರಳು ಮಡಿಸಿ ಮಡಿಸಿ ಕಲಿಸಿದ ಲೆಕ್ಕ ಅದು!

"ಹನ್ನೆರಡು," ಎಂದರು ಮಾವ.

"ತಪ್ಪು!" ಎಂದ ಯುವಕ.

ಹುಡುಗಿಯರು ಅಂದಾಜಿನ ಮೇಲೆ ಇಪ್ಪತ್ತು ಎಂದರು. ಚಪ್ಪಾಳೆಯೋ ಚಪ್ಪಾಳೆ! ಇಪ್ಪತ್ತು ಎರಡನೆಯ ಸಾಲಿನದು, ಕಾರ್ಡು ಬರೆದವರು ಸಾಲು ತಪ್ಪಿದ್ದರು. ಮಾವ ಈಗ ಸಿಡಿಯುತ್ತಾರೆಂದು ನಾನು ಕಾದೆ. ಅವರು ಅತ್ತೆಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದರು. ಅಷ್ಟು ಸಣ್ಣವರಾಗಿ ಅವರನ್ನು ನಾನು ಎಂದೂ ಕಂಡಿರಲಿಲ್ಲ.

ಆಗ ಅತ್ತೆ ಎದ್ದರು. "ಏನಪ್ಪಾ, ನಮ್ಮನೇರು ಹೇಳಿದ್ದೇ ಸರಿ. ನಿನ್ನ ಕಾರ್ಡು ತಪ್ಪು!"

"ನಿಮಗೆ ಹೆಂಗೆ ಗೊತ್ತಮ್ಮ? ಕಂದ ಪದ್ಯ ಓದಿದ್ದೀರಾ?"

"ನಂಗ್ಯಾವ ಪದ್ಯಾನೂ ಗೊತ್ತಿಲ್ಲ. ಆದ್ರೆ ಗೊತ್ತಿಲ್ಲದ್ದನ್ನ ಗೊತ್ತು ಅಂತ ಇವರು ಹೇಳಿದ್ದು, ಮದುವೆ ಆದಾಗಿಂದ ನಾನು ಒಂದಿನಾನೂ ಕಂಡಿಲ್ಲ."

ಸಭೆಯೆಲ್ಲ ಅತ್ತೆಯ ಕಡೆ ತಿರುಗಿತು! ಮುಖ್ಯ ಅತಿಥಿಗಳಿಗೂ ಎಚ್ಚರವಾಯಿತು. ಕಾರ್ಡು ಮಾತ್ರ ಬದಲಾಗಲಿಲ್ಲ, ಗೆದ್ದವರು ಹುಡುಗಿಯರೇ. ಮಾವ ಮೆಟ್ಟಿಲಿಳಿದು ಬಂದು, ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತ ನಿಂತರು. ನನಗೂ ಅಳು ಬಂತು.

"ಮುಗೀತಲ್ಲ, ನಡಿ ಮನೆಗೆ," ಎಂದರು ಮಾವ ಮೆಲ್ಲಗೆ.

ಅತ್ತೆ ನನ್ನ ಕೈಯಿಂದ ನೀರಿನ ಬಾಟಲಿ ಕಿತ್ತುಕೊಂಡರು. "ಯಾರಂದ್ರು ಮುಗೀತು ಅಂತ? ಲೇ, ಮುಂದಿನ ಸಲ ನೀನು ಬರ್ಬೇಡ ಕಣೆ. ಇವರ ಪಕ್ಕ ನಾನೇ ಕೂತ್ಕೊತೀನಿ."