ಐಕೋರ್ಟು ಮತ್ತು ಗೌರಿ ಬಾಗಿನ

ವಕೀಲನ ಹತ್ತಿರ ಜನ ಕಾನೂನು ಕೇಳಲು ಬರುತ್ತಾರೆ ಅಂತ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಹೊಳೆನರಸೀಪುರದಲ್ಲಿ ಬೋರ್ಡು ನೇತುಹಾಕಿದ ದಿನದಿಂದ ಇವತ್ತಿನವರೆಗೂ ನನ್ನ ಹತ್ತಿರ ಬಂದವರು ಕಾನೂನೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಕೇಳಿದ್ದಾರೆ. ಈಗ ಹಾಸನಕ್ಕೆ ಬಂದು ಕೂತಿದ್ದೇನೆ, ಇಲ್ಲೂ ಅದೇ ಕಥೆ. ಆದರೆ ಗೌರಿ ಹಬ್ಬ ಹತ್ತಿರ ಬಂತೆಂದರೆ ಆ ಅಣ್ಣ ತಂಗಿಯ ಕೇಸು ನೆನಪಾಗಿ ಒಬ್ಬನೇ ನಗುತ್ತೇನೆ.

ಇಲ್ಲದ ಸೆಕ್ಷನ್

ತಂಗಿಯನ್ನು ಹಳೇಕೋಟೆಯಿಂದ ಅರಕಲಗೂಡಿಗೆ ಕೊಟ್ಟಿದ್ದರು. ಅಪ್ಪ ಹೆಣ್ಣುಮಕ್ಕಳಿಗೆ ಸಮಪಾಲಿಲ್ಲದ ಹಳೇ ಕಾನೂನಿನ ಕಾಲದಲ್ಲೇ ತೀರಿಹೋಗಿದ್ದರು, ಜಮೀನೆಲ್ಲ ಅಣ್ಣನ ಕೈಯಲ್ಲಿತ್ತು. ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಟೀವಿಯಲ್ಲಿ ಕೇಳಿಸಿಕೊಂಡು ಆಯಮ್ಮ ನೇರ ನನ್ನ ಆಫೀಸಿಗೆ ಬಂದರು.

“ಪಾಲು ಬೇಕು ಸಾ. ಆದ್ರೆ ತವರೂ ಬೇಕು.”

“ಅಂದರೆ?”

“ಪಾಲು ಕೇಳುದ್ರೆ ತವರಿನ ಬಾಗ್ಲು ಮುಚ್ಚೋಯ್ತದೆ ಅಂತಾವ್ರೆ ನಮ್ ಬೀದಿಯೋರು. ಕೇಸ್ ಆಕುದ್ರೂ ನಮ್ಮಣ್ಣ ವರ್ಸ ವರ್ಸ ಗೌರಿ ಬಾಗ್ನ ತಂದ್ಕೊಡೋ ಅಂಗೆ ಬರೀರಿ.”

ಅಂಥ ಸೆಕ್ಷನ್ ಯಾವ ಕಾಯಿದೆಯಲ್ಲೂ ಇಲ್ಲ ಅಂದೆ. ಆಯಮ್ಮ ಒಮ್ಮೆ ನನ್ನನ್ನು, ಒಮ್ಮೆ ನನ್ನ ಹಿಂದಿನ ಬೀರುವನ್ನು ನೋಡಿದರು.

“ಇಷ್ಟೊಂದು ಬುಕ್ ಮಡೀಕಂಡಿದ್ದೀರಿ. ಸರ್ಯಾಗ್ ಉಡ್ಕಿ ನೋಡಿ ಸಾ.”

ಒಂದೇ ಗಾಡಿ

ವಾಯಿದೆ ದಿನ ಅರಕಲಗೂಡಿನ ಬಸ್ಸು ಬರುವ ಹೊತ್ತಿಗೆ ಅಣ್ಣ ಬಸ್‌ಸ್ಟ್ಯಾಂಡಿನಲ್ಲಿ ಹಾಜರು. ಬೋಳುತಲೆಗೆ ಟವೆಲ್ ಸುತ್ತಿಕೊಂಡು, ಮೊಪೆಡ್ ಸ್ಟಾರ್ಟ್ ಮಾಡಿಟ್ಟುಕೊಂಡು ಕಾಯುತ್ತಿದ್ದರು. ತನ್ನ ಮೇಲೆ ದಾವಾ ಹೂಡಿದ ತಂಗಿಯನ್ನು ಹಿಂದೆ ಕೂರಿಸಿಕೊಂಡು ಕೋರ್ಟಿಗೆ ಕರೆತರುತ್ತಿದ್ದರು. ಗೇಟಿನ ಹತ್ತಿರ ಇಳಿದು ಅವರು ಅವರ ವಕೀಲರ ಕಡೆ, ಇವರು ನನ್ನ ಕಡೆ. ಮಧ್ಯಾಹ್ನ ಕಾಂಪೌಂಡಿನ ಕಟ್ಟೆ ಮೇಲೆ ಇಬ್ಬರೂ ಒಂದೇ ಡಬ್ಬಿಯಿಂದ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿನ್ನುತ್ತಿದ್ದರು. ಕೇಸಿನ ಗುಟ್ಟೆಲ್ಲ ರೊಟ್ಟಿ ಜೊತೆ ಆಚೆ ಹೋಗುತ್ತದೆ ಅಂತ ನಾವಿಬ್ಬರು ವಕೀಲರು ಚಡಪಡಿಸುತ್ತಿದ್ದೆವು.

ಈಗ ಹಾಸನದ ಕೋರ್ಟಿನ ವರಾಂಡದಲ್ಲಿ ಪಾಲಿನ ಕೇಸಿನವರು ಒಬ್ಬರ ಮುಖ ಒಬ್ಬರು ನೋಡದೆ ಫೋನ್ ನೋಡುತ್ತಾ ಕೂತಿರುತ್ತಾರೆ. ಅವರನ್ನು ಕಂಡಾಗ ಆ ರೊಟ್ಟಿ ಡಬ್ಬಿ ನೆನಪಾಗಿ ಸಂಕಟವಾಗುತ್ತದೆ.

ಒಂದು ಸಲ ಅಣ್ಣ ಬರಲಿಲ್ಲ. ಜ್ವರ ಅಂತ ಅವರ ವಕೀಲರು ಬೇರೆ ದಿನ ಕೇಳಿದರು. ನಾನು ಕರ್ತವ್ಯ ಅಂತ ಎದ್ದು, “ಇದು ಬರೀ ಕೇಸು ಎಳೆಯುವ ನೆಪ ಸ್ವಾಮಿ” ಅಂತ ಜೋರಾಗಿ ಆಕ್ಷೇಪಿಸಿದೆ. ಹಿಂದಿನಿಂದ ಯಾರೋ ನನ್ನ ಕರಿಕೋಟು ಜಗ್ಗಿದರು. ತಿರುಗಿದರೆ ನಮ್ಮ ಕಕ್ಷಿದಾರಳೇ.

“ನೆಪ ಅಲ್ಲ ಸಾ, ನಿನ್ನೆಯಿಂದ ಮೈ ಸುಡ್ತಾದೆ. ರಾತ್ರಿ ಅಲ್ಲೇ ಇದ್ದು ನಾನೇ ಗಂಜಿ ಕಾಯ್ಸಿಕೊಟ್ಟು ಬಂದಿವ್ನಿ.”

ಜಡ್ಜು ಕನ್ನಡಕ ತೆಗೆದು ಕೇಳಿದರು, “ವಕೀಲರೇ, ನೀವು ಯಾರ ಪರ?”

ಜಗಲಿಯ ಮೇಲೆ ಕಲಾಪ

ಹೊಳೆನರಸೀಪುರದಲ್ಲಿ ಸೋತೆವು, ಹಾಸನದಲ್ಲೂ ಸೋತೆವು. ಕಾನೂನು ಬದಲಾಗುವ ಮೊದಲೇ ಅಪ್ಪ ಸತ್ತಿದ್ದಾರೆ, ಮಗಳಿಗೆ ಹಕ್ಕಿಲ್ಲ ಅಂದರು. ಹೈಕೋರ್ಟಿಗೆ ಹೋದೆವು. ಅಲ್ಲಿಯ ಕಲಾಪ ಈಗ ಫೋನಿನಲ್ಲೇ ಕಾಣುತ್ತದೆ. ನಾನು ಬೆಂಗಳೂರಿನಲ್ಲಿ ವಾದಕ್ಕೆ ನಿಂತಿದ್ದಾಗ ಇತ್ತ ಹಳೇಕೋಟೆಯಲ್ಲಿ ಪ್ರತಿವಾದಿಯ ಜಗಲಿ ಮೇಲೆ ಚೊಂಬಿಗೆ ಫೋನು ಒರಗಿಸಿ ಅಣ್ಣ, ತಂಗಿ, ಅರ್ಧ ಊರು ಕೂತಿತ್ತಂತೆ. ಬರೀ ಹೆಣ್ಣುಮಕ್ಕಳಿದ್ದವರು ಒಂದು ಕಡೆ, ಬರೀ ಗಂಡುಮಕ್ಕಳಿದ್ದವರು ಇನ್ನೊಂದು ಕಡೆ ಸೇರಿ ಜೋರು ವಾದ. ಎರಡೂ ಇದ್ದವರು ಮಾತ್ರ ಬಾಯಿ ಬಿಡಲಿಲ್ಲವಂತೆ.

ಅವತ್ತು ನ್ಯಾಯಮೂರ್ತಿಗಳು ಎದುರುಪಕ್ಷದ ವಕೀಲರಿಗೆ, “ಫೈಲು ಓದಿಕೊಂಡು ಬನ್ನಿ” ಅಂತ ಗದರಿಬಿಟ್ಟರು. ನನಗೆ ಒಳಗೊಳಗೇ ಖುಷಿ. ಸಂಜೆ ಆಯಮ್ಮನ ಫೋನು ಬಂತು. ಹೊಗಳುತ್ತಾರೆ ಅಂದುಕೊಂಡೆ.

“ನಮ್ಮಣ್ಣನ ಕಡೆ ಲಾಯರ್‌ನ ಅಂಗೆ ಬಯ್ಯಬೋದಾ ಸಾ? ಊರೋರೆಲ್ಲ ನೋಡ್ತಾವ್ರೆ. ನಮ್ಮಣ್ಣ ಉಂಡೇ ಇಲ್ಲ. ನೀವಾದ್ರೂ ಎದ್ದು ಅವರ ಪರ ಒಂದ್ ಮಾತಾಡ್ಬಾರ್ದಾಗಿತ್ತಾ?”

ಚನ್ನರಾಯಪಟ್ಟಣದ ಫೋನು

ಗೆದ್ದೆವು. ಮಗಳಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ, ಅಪ್ಪ ಯಾವಾಗ ಸತ್ತರು ಅನ್ನುವುದು ಮುಖ್ಯವಲ್ಲ, ಸಮಪಾಲು ಕೊಡಿ ಅಂತ ತೀರ್ಪು ಬಂತು. ಪೇಪರಿನ ಜಿಲ್ಲೆ ಪುಟದಲ್ಲಿ ನನ್ನ ಹೆಸರೂ ಬಂತು. ಒಂದು ವಾರ ಟೀ ಅಂಗಡಿ, ಬಸ್ಸು, ಕ್ಷೌರದ ಅಂಗಡಿ ಎಲ್ಲ ಕಡೆ ಅದೇ ಮಾತು. ಚನ್ನರಾಯಪಟ್ಟಣದಿಂದ ನನ್ನ ತಂಗಿ ಫೋನ್ ಮಾಡಿದಳು.

“ಪೇಪರ್ ನೋಡ್ದೆ ಕಣಣ್ಣ. ಹೆಣ್ಮಕ್ಳ ಪರ ಎಂಥ ವಾದ ಮಾಡಿದ್ದೀಯ. ಕಣ್ಣಲ್ಲಿ ನೀರು ಬಂತು.”

ನಾನು ಉಬ್ಬಿಹೋದೆ.

“ಬಾಗೂರಿನ ಅಪ್ಪನ ತೋಟ ಅಳೆಸೋಕೆ ಯಾವತ್ತು ಬರ್ಲಿ?”

ಸಮಪಾಲು

ಹಳೇಕೋಟೆಯಲ್ಲಿ ಮಾತ್ರ ನಗು ನಿಂತಿತ್ತು. ತೀರ್ಪು ಬಂದ ಮೇಲೆ ಅಣ್ಣ ಮಾತು ಬಿಟ್ಟರು. ಜಮೀನು ಅಳೆಯುವ ದಿನ ಬಸ್‌ಸ್ಟ್ಯಾಂಡಿಗೆ ಮೊಪೆಡ್ ಬರಲಿಲ್ಲ, ತಂಗಿ ಆಟೋ ಹಿಡಿದರು. ಆಮೇಲೆ ಗೌರಿ ಹಬ್ಬ ಬಂತು. ಬೆಳಿಗ್ಗೆಯೇ ನನಗೆ ಫೋನು.

“ಅಣ್ಣ ಬಂದಿಲ್ಲ ಸಾ.”

ಮಧ್ಯಾಹ್ನ ಮತ್ತೆ ಫೋನು. “ಇನ್ನೂ ಬಂದಿಲ್ಲ ಸಾ. ಬಂದಿರೋ ಪಾಲು ನಾನು ವಾಪಸ್ ಕೊಟ್ಬುಟ್ರೆ ಐಕೋರ್ಟು ಬೇಜಾರ್ ಮಾಡ್ಕತದಾ?”

ಗೆದ್ದ ಕೇಸಿನಲ್ಲಿ ಅಷ್ಟು ಸೋತಂತೆ ಅನಿಸಿದ್ದು ಅದೇ ಮೊದಲು. ಸ್ವಲ್ಪ ತಾಳಿ ಅಂತಷ್ಟೇ ಹೇಳಿದೆ.

ಸಾಯಂಕಾಲ ಮೂರನೆಯ ಫೋನು. ಅಣ್ಣ ಮುಖ ಗಂಟಿಕ್ಕಿಕೊಂಡೇ ಬಂದು, ಬಾಗಿನದ ಮೊರ ತಂಗಿಯ ಕೈಗಿಟ್ಟು, ನಿಂತ ಕಾಲಲ್ಲೇ ಹೇಳಿದರಂತೆ, “ಐಕೋರ್ಟು ಸಮಸಮ ಅಂದದೆ ಅಲ್ವೇನವ್ವ? ಈ ವರ್ಸ ನಾನು ಕೊಟ್ಟಿವ್ನಿ. ಬರೋ ವರ್ಸ ನೀನು ನಂಗೆ ಬಾಗ್ನ ಕೊಡ್ಬೇಕು.”

ಅದು ಕೋಪದ ಮಾತು ಅಂದುಕೊಂಡೆ ನಾನು. ತಂಗಿ ಅದನ್ನು ತೀರ್ಪು ಅಂದುಕೊಂಡರು. ಮುಂದಿನ ಗೌರಿ ಹಬ್ಬಕ್ಕೆ, “ಸಾಕ್ಸಿಗೆ ನೀವೂ ಬನ್ನಿ ಸಾ” ಅಂತ ನನ್ನನ್ನೂ ಹಳೇಕೋಟೆಗೆ ಕರೆದರು. ಬಸ್‌ಸ್ಟ್ಯಾಂಡಿನಿಂದ ತಂಗಿಯನ್ನು ಕರೆತಂದದ್ದು ಅದೇ ಮೊಪೆಡ್ಡು. ಅದನ್ನು ಕಂಡೇ ನನಗೆ ಅರ್ಧ ಹಬ್ಬವಾಯಿತು.

ಪ್ರತಿವಾದಿ ಹುರಿಮೀಸೆ ಸಮೇತ ಮಣೆ ಮೇಲೆ ಕೂತರು. ಮೊರಕ್ಕೆ ಮುಚ್ಚಲು ಸೆರಗು ಇಲ್ಲದ್ದರಿಂದ ತಲೆಯ ಟವೆಲ್ ಬಿಚ್ಚಿ ಹೊದಿಸಿ ಹಿಡಿದುಕೊಂಡರು. ಅವರ ಹೆಂಡತಿ ನಗು ತಡೆಯಲಾಗದೆ ಗೋಡೆ ಹಿಡಿದು ನಿಂತಿದ್ದರು. ಮೊರದೊಳಗೆ ಅಕ್ಕಿ, ಬೇಳೆ, ಬೆಲ್ಲ, ಕಾಯಿ ಎಲ್ಲ ಕ್ರಮವಾಗಿಯೇ ಇದ್ದವು. ರವಿಕೆ ಬಟ್ಟೆಯ ಬದಲು ಅಂಗಿ ಬಟ್ಟೆ, ಬಳೆಯ ಬದಲು ಬೀಡಿ ಕಟ್ಟು, ಕಾಡಿಗೆಯ ಬದಲು ಮೀಸೆಗೆ ಹಚ್ಚುವ ಕರಿ ಬಣ್ಣ. ಅಣ್ಣ ಒಂದೊಂದನ್ನೇ ಎತ್ತಿ ನೋಡುತ್ತಾ ಹೋದವರು ಮೂಲೆಯಲ್ಲಿದ್ದ ಬಾಚಣಿಗೆ ಕೈಗೆ ಸಿಕ್ಕಿದಾಗ ನಿಂತರು. ಬೋಳುತಲೆ ಸವರಿಕೊಂಡು ಕೇಳಿದರು.

“ಇದ್ಯಾಕವ್ವ ನಂಗೆ?”

“ಸಮಪಾಲು ಅಂದ್ಮೇಲೆ ಎಲ್ಲಾನೂ ಸಮ ಕಣಣ್ಣ,” ಅಂದರು ತಂಗಿ. “ಒಪ್ಗೆ ಇಲ್ದಿದ್ರೆ ಅಪೀಲ್ ಆಕ್ಕೊ.”